ರೋಸಾ ಪಾರ್ಕ್ಸ್ ಜೊತೆ ಇನ್ನೂ ಯಾರಿದ್ದರು?

ನಾನು ಅಮೆರಿಕದಲ್ಲಿ ವಾರಾಂತ್ಯಕ್ಕೆ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತೇನೆ. ಎಲ್ಲರೂ ಎಂಟು, ಒಂಬತ್ತು ವರ್ಷದವರು. ಫೆಬ್ರವರಿ ಬಂತೆಂದರೆ ಇಲ್ಲಿನ ಶಾಲೆಗಳಲ್ಲಿ ಕಪ್ಪು ಜನರ ಇತಿಹಾಸ ಓದಿಸುತ್ತಾರೆ. ರೋಸಾ ಪಾರ್ಕ್ಸ್, ರೂಬಿ ಬ್ರಿಜಸ್ ಅವರ ಜೀವನಕಥೆಗಳು ಮಕ್ಕಳ ಬ್ಯಾಗಿನಲ್ಲೇ ಇರುತ್ತವೆ. ಅವನ್ನೇ ತೆಗೆಸಿ ಕನ್ನಡದಲ್ಲಿ ಕಥೆ ಹೇಳಿಸುತ್ತೇನೆ.

ರೋಸಾ ಕಥೆಯನ್ನು ಮಕ್ಕಳು ಹೇಳುವುದು ಹೀಗೆ: ಸುಸ್ತಾಗಿದ್ದ ಅಜ್ಜಿಯೊಬ್ಬರು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ, ಪೊಲೀಸರು ಹಿಡಿದರು, ಆಮೇಲೆ ಕಾನೂನು ಬದಲಾಯಿತು. ಆಗ ನಾನು ಕೇಳುವುದು ಒಂದೇ: "ಅವರ ಜೊತೆ ಇನ್ನೂ ಯಾರಿದ್ದರು?" ಒಂದು ಪುಸ್ತಕದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕುತ್ತಾರೆ. ಒಬ್ಬರ ಬಗ್ಗೆಯೇ ಎರಡು ಮೂರು ಪುಸ್ತಕಗಳನ್ನು ಲೈಬ್ರರಿಯಿಂದ ತರುವುದು ಇದಕ್ಕೇ.

ಸೀಟು ಬಿಡದ ಆ ದಿನ, 1955ರ ಡಿಸೆಂಬರ್ 1ರಂದು, ರೋಸಾ ಅವರ ವಯಸ್ಸು 42. ಅಜ್ಜಿಯೇನೂ ಅಲ್ಲ. ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯ ಎನ್‌ಎಎಸಿಪಿ ಎಂಬ ಸಂಘದ ಶಾಖೆಗೆ 1943ರಲ್ಲೇ ಕಾರ್ಯದರ್ಶಿಯಾಗಿ, ಕಪ್ಪು ಜನರ ಹಕ್ಕಿಗಾಗಿ ದುಡಿದವರು. ಅದೇ 1955ರ ಮಾರ್ಚ್‌ನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿಯೂ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದಳು. ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಬಸ್ಸು ಹತ್ತಬೇಡಿ ಎಂದು ರಾತ್ರೋರಾತ್ರಿ ಸಾವಿರಾರು ಕರಪತ್ರ ತೆಗೆದರು. ಜಾರ್ಜಿಯಾ ಗಿಲ್ಮೋರ್ ಅಡುಗೆ ಮಾಡಿ, ಮಾರಿ, ಹೋರಾಟಕ್ಕೆ ದುಡ್ಡು ಕೂಡಿಸಿದರು. ಮಕ್ಕಳಿಗೆ ಇವರು ತುಂಬಾ ಇಷ್ಟ. ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಕೊನೆಗೆ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಕೂರಿಸುವ ಬಸ್ಸಿನ ಕಾನೂನನ್ನು ಬೀಳಿಸಿದ ಮೊಕದ್ದಮೆ ನಾಲ್ವರು ಹೆಂಗಸರದು. ಅವರಲ್ಲಿ ಕಾಲ್ವಿನ್ ಒಬ್ಬಳು, ರೋಸಾ ಇರಲಿಲ್ಲ. ಇದರಿಂದ ರೋಸಾ ಚಿಕ್ಕವರಾಗುವುದಿಲ್ಲ. ಒಬ್ಬರಿಂದಲೇ ಎಲ್ಲ ಆಯಿತು ಅಂದುಕೊಂಡರೆ ಮಕ್ಕಳು ತಾವೇನು ಮಾಡಬಹುದು ಅಂತ ಯೋಚಿಸುವುದೇ ಇಲ್ಲ, ಅಲ್ವಾ?

ರೂಬಿ ಕಥೆಗೆ ಬೇರೆ ದಾರಿ. ಮಕ್ಕಳಿಗೆ ಅದು ಯಾವುದೋ ಹಳೇ ಕಾಲದ್ದು ಅನಿಸುತ್ತದೆ. ಹಾಗಾಗಿ ಬೋರ್ಡಿನ ಮೇಲೆ ಉದ್ದ ಗೆರೆ ಎಳೆದು, ತಮ್ಮ ಅಜ್ಜಿ ಹುಟ್ಟಿದ ವರ್ಷ ಬರೆಯಲು ಹೇಳುತ್ತೇನೆ. ಆಮೇಲೆ ರೂಬಿ ಹುಟ್ಟಿದ 1954. "ನಮ್ಮಜ್ಜಿ ವಯಸ್ಸೇ!" ಅನ್ನುತ್ತಾರೆ. 1960ರಲ್ಲಿ ಆರು ವರ್ಷದ ರೂಬಿ ನ್ಯೂ ಆರ್ಲಿಯನ್ಸ್‌ನ ಬಿಳಿಯರ ಶಾಲೆಗೆ ಸೇರಿದಾಗ ಬಿಳಿಯ ತಂದೆ ತಾಯಂದಿರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಬಾರ್ಬರಾ ಹೆನ್ರಿ ಎಂಬ ಟೀಚರ್ ಇಡೀ ವರ್ಷ ಅವಳೊಬ್ಬಳಿಗೇ ಪಾಠ ಮಾಡಿದರು.

"ಶಾಲೆ ಮುಂದೆ ನಿಂತು ರೂಬಿಗೆ ಬೈಯುತ್ತಿದ್ದವರೆಲ್ಲ ಕೆಟ್ಟವರಾ ಮಿಸ್?" ಅಂತ ಒಬ್ಬ ಹುಡುಗಿ ಕೇಳಿದಳು. ರೂಬಿಯ ಅಪ್ಪನ ಕೆಲಸ ಹೋದದ್ದನ್ನು, ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಅವಳ ಅಜ್ಜ ಅಜ್ಜಿಯನ್ನು ಅಲ್ಲಿಂದ ಎಬ್ಬಿಸಿದ್ದನ್ನು ಹೇಳಿದೆ. ಕೂಗಿದವರಷ್ಟೇ ಅಲ್ಲ, ಕೂಗದೇ ಇದ್ದ ಧಣಿಗಳೂ ಹೊಲದ ಮಾಲೀಕರೂ ಇದರಲ್ಲಿ ಸೇರಿದ್ದರು ಅಂತ ಆಗ ಮಕ್ಕಳಿಗೆ ಕಂಡಿತು.

ಅದೇ ಗೆರೆಯ ಮೇಲೆ 1965 ಕೂಡ ಬರೆಸುತ್ತೇನೆ. ಅದಕ್ಕೂ ಮೊದಲು ಅಮೆರಿಕಕ್ಕೆ ವಲಸೆ ಬರಲು ಭಾರತಕ್ಕಿದ್ದ ಕೋಟಾ ವರ್ಷಕ್ಕೆ 100 ಜನ. ಬಣ್ಣದ ಭೇದದ ವಿರುದ್ಧ ಹೋರಾಟ ಜೋರಾಗಿದ್ದ ಕಾಲದಲ್ಲೇ ಹೊಸ ವಲಸೆ ಕಾನೂನು ಬಂತು, ನಮ್ಮವರಿಗೂ ಬಾಗಿಲು ತೆರೆಯಿತು. ಅಪ್ಪ ಅಮ್ಮ ಇಲ್ಲಿಗೆ ಬಂದ ವರ್ಷವನ್ನು ಮನೆಯಲ್ಲಿ ಕೇಳಿಕೊಂಡು ಬಂದು ಮಕ್ಕಳೇ ಅದರ ಮುಂದೆ ಸೇರಿಸುತ್ತಾರೆ.