ಟೇಪ್ ಬಿಟ್ಟಿತು, ಬಣ್ಣ ಉಳಿಯಿತು: ನನ್ನ ಅನುಭವ

1882ರ ‘ಅಬ್ರಾಡ್’ ಪುಸ್ತಕವನ್ನು ಹಳೆ ಪುಸ್ತಕ ರಿಪೇರಿ ಮಾಡುವವರು ಕೆಲವರಾದರೂ ನೋಡಿರಬಹುದು. ಥಾಮಸ್ ಕ್ರೇನ್ ಮತ್ತು ಎಲೆನ್ ಹಾಟನ್ ಅವರ ಚಿತ್ರಗಳು, ಮಾರ್ಕಸ್ ವಾರ್ಡ್ ಪ್ರಕಾಶನ. ಇಂಗ್ಲಿಷ್ ಮಕ್ಕಳು ಮನೆಯವರ ಜೊತೆ ಹಡಗು ಹತ್ತಿ ಫ್ರಾನ್ಸಿನ ಬುಲೋನ್‌ಗೆ ಹೋಗಿ, ಪ್ಯಾರಿಸ್ ಸುತ್ತಿ ಬರುವ ಪದ್ಯಕಥೆ. ಲಂಡನ್ನಿನ ಹಳೆ ಪುಸ್ತಕ ಸಂತೆಯಲ್ಲಿ ನನಗೆ ಸಿಕ್ಕ ಪ್ರತಿಗೆ ಸುಮಾರು 35 ಪೌಂಡ್ ಕೊಟ್ಟೆ. ಬೆನ್ನು ಕಿತ್ತುಹೋಗಿತ್ತು. ಹನ್ನೊಂದು ಪುಟಗಳಲ್ಲಿ ಸೆಲ್ಲೋಟೇಪ್, ಅದೂ ಚಿತ್ರದ ಮೇಲೇ!

“ಅದನ್ನ ಮುಟ್ಟಬೇಡ, ಬಣ್ಣ ಎದ್ದು ಬರುತ್ತೆ” ಅಂತ ಗೆಳೆಯರೆಲ್ಲ ಹೇಳಿದರು. ಮೊದಲ ಪುಟದಲ್ಲಿ ಅವರ ಮಾತೇ ನಿಜವಾಯಿತು. ಟೇಪ್ ಬಿಡಿಸುವ ಬಿಸಿ ಸ್ಪಾಟುಲಾ (ಚಪ್ಪಟೆ ಅಲಗು) ಸ್ವಲ್ಪ ಜಾಸ್ತಿ ಕಾದಿತ್ತು. ಟೇಪಿನ ಜೊತೆ ಕಾಗದದ ತೊಗಲೇ ಎದ್ದುಬಂತು. ಪುಣ್ಯಕ್ಕೆ ಅದು ಖಾಲಿ ಅಂಚು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಅದೇ ಕಾಲದ ಬಣ್ಣದ ಶುಭಾಶಯ ಪತ್ರಗಳನ್ನು ತಂದೆ. ಹರಿದವು, ಒಂದೊಂದು ಪೌಂಡಿಗೆ, ಇಪ್ಪತ್ತರಷ್ಟು. ಅವುಗಳ ಮೇಲೂ ಟೇಪ್ ಅಂಟಿಸಿ, ತಿಂಗಳುಗಟ್ಟಲೆ ಬಿಸಿಲಲ್ಲಿಟ್ಟು ಹಳೆಯದು ಮಾಡಿದೆ. ಉಗುರುಬಣ್ಣ ಅಳಿಸುವ ಅಸಿಟೋನಿನಲ್ಲಿ ಹತ್ತಿ ಅದ್ದಿ ಉಜ್ಜಿದರೆ ಕೆಂಪು ಹಬ್ಬಿತು. ಭೂತಗನ್ನಡಿಯಲ್ಲಿ ನೋಡಿದೆ. ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚೊತ್ತುವ ವಿಧಾನ) ಚುಕ್ಕೆಗಳಲ್ಲಿ ಗುಲಾಬಿಯವು ಮಾತ್ರ ಕರಗಿದ್ದವು, ನೀಲಿ ಅಲುಗಾಡಿರಲಿಲ್ಲ. ಹಾಗಾದರೆ ದ್ರವ ಮುಟ್ಟಲೇಬಾರದು, ಆವಿ ಸಾಕು ಅಂತ ಹೊಳೆದದ್ದು ಆಗ.

ಚಿಕ್ಕ ಗಾಜಿನ ಲೋಟದ ತಳಕ್ಕೆ ಹತ್ತಿ ಸಿಕ್ಕಿಸಿ, ಎರಡು ದ್ರಾವಕ ಬೆರೆಸಿ ಹಾಕಿ, ಟೇಪಿನ ಮೇಲೆ ಬೋರಲು ಹಾಕಿದೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ. ಎಷ್ಟಕ್ಕೆಷ್ಟು ಬೆರೆಸಿದೆ ಅನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ಎರಡು ವರ್ಷ ಹಿಡಿದಿದೆ. ನಾಲ್ಕೈದು ನಿಮಿಷಕ್ಕೆ ಟೇಪಿನ ಮೂಲೆ ಸಡಿಲವಾಯಿತು. ಚಿಮಟದಲ್ಲಿ ಹಿಡಿದು, ಮಡಚಿದಂತೆ ಹಿಂದಕ್ಕೆ ಎಳೆದೆ. ಉಳಿದ ಅಂಟು, ಅಂಟು ಉಜ್ಜಿ ತೆಗೆಯುವ ಕ್ರೇಪ್ ರಬ್ಬರಿಗೆ ಉಂಡೆಯುಂಡೆಯಾಗಿ ಬಂತು. ಹತ್ತು ಪುಟ ಹೀಗೇ ಬಿಡಿಸಿದೆ. ಒಂದು ಚುಕ್ಕೆ ಬಣ್ಣವೂ ಹೋಗಲಿಲ್ಲ. ಬೇಡ ಅಂದವರನ್ನೇ ಕರೆದು ತೋರಿಸಿದೆ!

ಹರಿದ ಕಡೆ ತೆಳುವಾದರೂ ಗಟ್ಟಿಯಾದ ಜಪಾನಿ ಕಾಗದ ಹಾಕಿದೆ. ನಾನು ಬೈಂಡಿಂಗ್ ಕಲಿತದ್ದು ಮೈಸೂರಿನಲ್ಲಿ. ಅಲ್ಲಿ ಮೈದಾ ಅಂಟಿಗೆ ಹುಳ ಬೀಳದಂತೆ ಮೈಲುತುತ್ತ ಹಾಕುತ್ತಿದ್ದೆವು. ಇದಕ್ಕೆ ಅದು ಬೇಡ, ಅದರಲ್ಲಿರುವ ತಾಮ್ರ ಕಾಗದವನ್ನು ತಿನ್ನುತ್ತದೆ. ಗೋಧಿ ಪಿಷ್ಟವನ್ನು ದಿನಾ ಹೊಸದಾಗಿ ಕಾಯಿಸಿದರಾಯಿತು. ಜಪಾನಿ ಕಾಗದಕ್ಕೆ ಹಳೆ ಬಣ್ಣ ಬರಲೆಂದು ಚಹಾದಲ್ಲಿ ಅದ್ದಿಯೂ ನೋಡಿದೆ. ಒಣಗಿದ ಮೇಲೆ ಅಂಚಿನಲ್ಲಿ ಕಂದು ಗೆರೆ ಬಿತ್ತು. ಈಗ ತೆಳು ಅಕ್ರಿಲಿಕ್ ಬಳಿಯುತ್ತೇನೆ.

ಸಾಮಾನಿಗೆ ಒಟ್ಟು 60 ಪೌಂಡ್ ಆಗಿರಬೇಕು. ನನ್ನ ಸಮಯದ ಲೆಕ್ಕ ಇಟ್ಟಿಲ್ಲ. ಒಬ್ಬರು 150ಕ್ಕೆ ಕೇಳಿದರು, ಕೊಡಲಿಲ್ಲ. ಮೊದಲ ಪುಟದ ಆ ಅಂಚು ಇನ್ನೂ ಹಾಗೇ ಇದೆ. ಅದಕ್ಕೆ ಹೊಂದುವ ಹಳೆ ಕಾಗದ ಹುಡುಕುತ್ತಿದ್ದೇನೆ.