ರಾತ್ರಿ ಅನ್ನದಲ್ಲಿ ಬೆಳಿಗ್ಗೆ ಚಿತ್ರಾನ್ನ ಮಾಡೋರು ಇದನ್ನ ಓದಿ
ಮಿಕ್ಕಿದ ಅನ್ನನ ಕುಕ್ಕರಲ್ಲೇ ಮುಚ್ಚಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕೋದು ಎಲ್ಲರ ಮನೇಲೂ ಇದ್ದದ್ದೇ, ಆದ್ರೆ ಬೇಸಿಗೇಲಿ ಹುಷಾರು. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು (ಸ್ಪೋರ್, ಬೀಜದ ಥರ ಗಟ್ಟಿಯಾಗಿ ನಿದ್ದೇಲಿರೋ ರೂಪ) ಇರಬಹುದು, ಅವು ಬೇಯಿಸಿದ್ರೂ ಸಾಯಲ್ಲ, ಅನ್ನ ಗಂಟೆಗಟ್ಟಲೆ ಹೊರಗೇ ಕೂತ್ರೆ ಮೊಳೆತು ಬೆಳೆದು ವಿಷ ಬಿಡತ್ವೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ, ಎಷ್ಟೋ ಸಲ ವಾಸನೇನೂ ಬರಲ್ಲ. ತಿಂದ 1ರಿಂದ 6 ಗಂಟೇಲಿ ವಾಂತಿ ಶುರು, ಕೆಲವ್ರಿಗೆ ತಡವಾಗಿ ಹೊಟ್ಟೆನೋವು, ಭೇದಿ.

ಅದಕ್ಕೆ ಅಗಲ ತಟ್ಟೇಲಿ ಹರಡಿ ಬೇಗ ಆರಿಸಿ, 2 ಗಂಟೆಯೊಳಗೆ ಫ್ರಿಡ್ಜಿಗೆ ಇಟ್ಬಿಡಿ (ಬಿಸಿ ಅನ್ನ ಇಟ್ರೆ ಫ್ರಿಡ್ಜ್ ಹಾಳಾಗತ್ತೆ ಅಂತ ರಾತ್ರಿಯಿಡೀ ಹೊರಗೆ ಬಿಡೋರೂ ಇದ್ದಾರೆ!). ವಾಂತಿ ಆದ್ರೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ, ಮಕ್ಕಳಿಗೆ ಉಚ್ಚೆ ಕಮ್ಮಿ ಆದ್ರೆ, ಭೇದೀಲಿ ರಕ್ತ ಕಂಡ್ರೆ ಕಾಯ್ಬೇಡಿ, ಡಾಕ್ಟರ್ ಹತ್ರ ಹೋಗಿ.