ಹಸಿಮರದ ಚಮಚ: ಕೊಡಲಿಯಿಂದ ಚಾಕುವಿನವರೆಗೆ

ಆಗಷ್ಟೇ ಕಡಿದ, ಗಂಟಿಲ್ಲದ, ಎಳೆ (ಮರದ ನಾರು) ನೇರವಾಗಿರುವ ಕೊಂಬೆ ಬೇಕು, 10 ಸೆಂ.ಮೀ. ದಪ್ಪ, 25–30 ಸೆಂ.ಮೀ. ಉದ್ದ ಸಾಕು. ಗರಗಸದಿಂದ ಉದ್ದಕ್ಕೆ ಕೊಯ್ಯಬೇಡಿ. ಕೊಡಲಿಯ ಬಾಯಿಯನ್ನು ತುದಿಯ ನಡುವಿಗಿಟ್ಟು ಮರದ ಸುತ್ತಿಗೆಯಿಂದ ಹೊಡೆದರೆ ಸೀಳು ಎಳೆಯ ಜಾಡನ್ನೇ ಹಿಡಿಯುತ್ತದೆ. ನಡುವಿನ ತಿರುಳನ್ನು ಪೂರ್ತಿ ತೆಗೆಯಿರಿ. ಉಳಿದರೆ ಒಣಗುವಾಗ ಬಿರುಕು ಅಲ್ಲಿಂದಲೇ ಶುರು.

ತುಂಡಿನ ಮೇಲ್ತುದಿ ಹಿಡಿದು, ಕೊರಡಿನ ಮೇಲೆ ಊರಿ, ಕೊಡಲಿಯಿಂದ ಕೆಳಗಿನ ಅರ್ಧವನ್ನಷ್ಟೇ ಕೆತ್ತಿ. ಆಮೇಲೆ ತಲೆಕೆಳಗು ಮಾಡಿ. ಬೆರಳು ಯಾವಾಗಲೂ ಏಟಿಗಿಂತ ಮೇಲಿರಲಿ. ಹೆಚ್ಚಿನ ಚಮಚಗಳು ಹಾಳಾಗುವುದು ಕತ್ತಿನಲ್ಲಿ, ಅಂದರೆ ಹಿಡಿ ಬಟ್ಟಲಿಗೆ ಸೇರುವಲ್ಲಿ: ಹಿಡಿಯನ್ನು ಸಪುರ ಮಾಡಲು ಹೊಡೆದ ಏಟು ಸೀಳಾಗಿ ಬಟ್ಟಲಿಗೇ ನುಗ್ಗುತ್ತದೆ. ಹಾಗಾಗಿ ಮೊದಲೇ ಕತ್ತಿನ ಎರಡೂ ಬದಿಗೆ 45 ಡಿಗ್ರಿ ಓರೆಯಲ್ಲಿ ಕಚ್ಚು ಹಾಕಿ. ಸೀಳು ಅಲ್ಲಿಗೆ ಬಂದು ನಿಲ್ಲುತ್ತದೆ.

ಚಾಕು ದಪ್ಪದಿಂದ ಸಪುರದ ಕಡೆಗೆ ಸಾಗಬೇಕು. ಎದುರು ಹೋದರೆ ಅಲಗು ಎಳೆಯೊಳಗೆ ಮುಳುಗಿ ಸಿಬಿರು ಏಳುತ್ತದೆ. ಆಗ ಬಲ ಹಾಕುವುದು ದಡ್ಡತನ, ದಿಕ್ಕು ಬದಲಿಸಿ. ಬಟ್ಟಲಿನ ಒಳಗನ್ನು ಬಾಗಿದ ಚಾಕುವಿನಿಂದ ಎಳೆಗೆ ಅಡ್ಡಲಾಗಿ ತೋಡಿ. ಗೋಡೆ ಎಲ್ಲೆಡೆ ಸುಮಾರು 4 ಮಿ.ಮೀ. ಇರಲಿ, ದಪ್ಪ ಏರುಪೇರಾದರೆ ಒಂದು ಕಡೆ ಬೇಗ ಒಣಗಿ ಬಿರಿಯುತ್ತದೆ.

ಕೆಲಸ ಅರ್ಧಕ್ಕೆ ನಿಂತರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಆದರೆ ದಿನಗಟ್ಟಲೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಮುಗಿದದ್ದನ್ನು ಕಾಗದದಲ್ಲಿ ಸುತ್ತಿ ನೆರಳಲ್ಲಿ ಒಂದು ವಾರ ಇಡಿ. ಒಣಗಿದ ಮೇಲೆ ಹೊಸದಾಗಿ ಮಸೆದ ಚಾಕುವಿನಿಂದ ತೆಳ್ಳಗೆ ಕೊನೆಯ ಸುತ್ತು. ಆ ಹೊಳಪು ಮರಳುಕಾಗದಕ್ಕೆ ಬರುವುದಿಲ್ಲ. ನಂತರ ಅಗಸೆ ಎಣ್ಣೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು, ಹರವಿ ಒಣಗಿಸಿ.